ಕುಂಬಿಚ್ಚಲ್ ಕಡವಿನಲ್ಲಿ ಒಂದು ರಾತ್ರಿ

ವಿಳಿಂಜಂನಲ್ಲಿ ಈಗ ಕತ್ತಲೆ ಸಿಗುವುದು ಕಷ್ಟ. 2024ರ ಜುಲೈಯಲ್ಲಿ ‘ಸ್ಯಾನ್ ಫೆರ್ನಾಂಡೊ’ ಎಂಬ ಮೊದಲ ದೊಡ್ಡ ಕಂಟೇನರ್ ಹಡಗು ಬಂದು ನಿಂತ ಮೇಲೆ ನನ್ನ ಬಾಡಿಗೆ ಕೋಣೆಯ ಕಿಟಕಿಗೆ ಕ್ರೇನುಗಳ ಬೆಳಕು ಬೀಳದ ರಾತ್ರಿಯೇ ಇಲ್ಲ. ಇನ್ನೊಂದು ಬದಿಗೆ ಹಳೆಯ ಮೀನುಗಾರಿಕೆ ಬಂದರು. ನಸುಕಿನಲ್ಲೇ ದೋಣಿಗಳ ಇಂಜಿನ್ ಸದ್ದು, ಮಸೀದಿಯ ಬಾಂಗ್, ಇಗರ್ಜಿಯ ಗಂಟೆ, ಮೀನು ಹರಾಜಿನವರ ಕೂಗು. ಇದರ ಮೇಲೆ ನನಗೆ ದೂರಿಲ್ಲ, ನನ್ನ ಅನ್ನ ಇರುವುದೇ ಈ ಗದ್ದಲದಲ್ಲಿ. ಆದರೂ ಒಂದು ರಾತ್ರಿಯಾದರೂ ಪೂರ್ತಿ ಕತ್ತಲಲ್ಲಿ ಮಲಗಬೇಕು ಅನ್ನಿಸುತ್ತಿತ್ತು.

ಆಫೀಸಿನ ಗೆಳೆಯನೊಬ್ಬನ ಮಾವನಿಗೆ ಅಂಬೂರಿಯಲ್ಲಿ, ನೆಯ್ಯಾರ್ ಜಲಾಶಯದ ದಡಕ್ಕೆ ತಾಗಿದಂತೆ ರಬ್ಬರ್ ತೋಟವಿದೆ. ತೋಟದ ಕೊನೆಯಲ್ಲೊಂದು ಗುಡಿಸಲು. “ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಬಾತ್‌ರೂಮಿಗೆ ಬಾಗಿಲೂ ಸರಿಯಿಲ್ಲ, ಹೋಗ್ತೀಯಾ?” ಅಂದ. ಆ ಡಿಸೆಂಬರಿನ ಒಂದು ಭಾನುವಾರ ಹೊರಟೆ.

ವಿಳಿಂಜಂನಿಂದ ಅಂಬೂರಿ ಐವತ್ತು ಕಿಲೋಮೀಟರಿನೊಳಗೆ. ಕೈಮಗ್ಗದ ಬಾಲರಾಮಪುರಂ, ಆಮೇಲೆ ನೆಯ್ಯಾಟ್ಟಿಂಕರ, ವೆಳ್ಳರಡ ಎಂದು ಬಸ್ಸು ಬದಲಿಸುತ್ತ ಹೋದರೆ ಅರ್ಧ ದಿನ ಹಿಡಿಯುತ್ತದೆ. ದಾರಿಯಲ್ಲಿ ಒಂದು ಸಂಗತಿ ಹೊಳೆಯಿತು. ಅಗಸ್ತ್ಯ ಬೆಟ್ಟಸಾಲಿನಲ್ಲಿ ಹುಟ್ಟುವ ನೆಯ್ಯಾರ್ 56 ಕಿಲೋಮೀಟರ್ ಹರಿದು ಸಮುದ್ರ ಸೇರುವುದು ಪೂವಾರಿನಲ್ಲಿ, ಅಂದರೆ ನಮ್ಮ ವಿಳಿಂಜಂನಿಂದ ಸ್ವಲ್ಪವೇ ದಕ್ಷಿಣಕ್ಕೆ. ಸಂಜೆ ವಾಕಿಂಗಿಗೆಂದು ಹೋಗಿ ನೋಡಿ ಬರುವ ಹೊಳೆಯ ಬಾಯಿಯಿಂದ ಅದರ ತಲೆಯ ಕಡೆಗೆ ನಾನು ಹೋಗುತ್ತಿದ್ದೆ. ನಡುವೆ 1958ರಲ್ಲಿ ಕಟ್ಟಿದ ಅಣೆಕಟ್ಟು. ಅದರ ಹಿಂದೆ ನಿಂತ ನೀರೇ ಈ ಕೆರೆ. ಸುತ್ತಲಿನ 128 ಚದರ ಕಿಲೋಮೀಟರ್ ಕಾಡು ವನ್ಯಧಾಮವಾದದ್ದೂ ಅದೇ ವರ್ಷ.

ಗುಡಿಸಲು ಹೇಳಿದ್ದಕ್ಕಿಂತ ಚೆನ್ನಾಗಿಯೇ ಇತ್ತು. ಹಿಂದೆ ತೋಟದ ಕಾವಲಿನವರು ಇರುತ್ತಿದ್ದ ಜಾಗವಂತೆ. ಮಣ್ಣಿನ ಗೋಡೆ, ಶೀಟಿನ ಮಾಡು, ಒಂದು ಹಗ್ಗದ ಮಂಚ, ಒಂದು ಲಾಟೀನು, ಹೊರಗೆ ಮೂರು ಕಲ್ಲಿನ ಒಲೆ. ಅಂಗಳ ಮುಗಿದಲ್ಲಿ ನೀರು ಶುರು, ನೀರು ಮುಗಿದಲ್ಲಿ ಕಾಡು ಶುರು. ತೋಟದ ಯಜಮಾನರು ಬೇಯಿಸಿದ ಮರಗೆಣಸು ಮತ್ತು ಮೆಣಸಿನ ಚಟ್ನಿ ಇಟ್ಟು, ಎರಡು ಮಾತು ಹೇಳಿ ಹೋದರು. “ನೀರಿಗೆ ಇಳಿಯಬೇಡ, ಮೊಸಳೆ ಇದೆ. ರಾತ್ರಿ ಹೊರಗೆ ಬಂದರೆ ಟಾರ್ಚನ್ನು ನೆಲಕ್ಕೆ ಹಿಡಿ, ಮರಕ್ಕಲ್ಲ.” ಮೊಸಳೆಯ ಮಾತು ಹೆದರಿಸಲು ಹೇಳಿದ್ದಲ್ಲ. ಹಿಂದೊಮ್ಮೆ ಈ ಜಲಾಶಯಕ್ಕೆ ಮೊಸಳೆಗಳನ್ನು ತಂದು ಬಿಟ್ಟಿದ್ದರು, ಅವು ದಡದವರ ಮೇಲೆ ಎರಗಿದ್ದೂ ಉಂಟು.

ಕತ್ತಲಾಯಿತು. ಬಯಸಿ ಬಂದ ಕತ್ತಲೆ. ಲಾಟೀನು ಸಣ್ಣದು ಮಾಡಿದರೆ ನನ್ನ ಕೈ ನನಗೇ ಕಾಣದು. ಆಚೆ ದಡದಲ್ಲಿ ಎಲ್ಲೋ ಒಂದು ದೀಪ, ಸ್ವಲ್ಪ ಹೊತ್ತಿಗೆ ಅದೂ ಇಲ್ಲ. ಚೆನ್ನಾಗಿ ನಿದ್ದೆ ಬರಬೇಕಿತ್ತು, ಬರಲಿಲ್ಲ. ಗಾಳಿ ಬೀಸಿದಾಗಲೆಲ್ಲ ನೀರಿನಂಚಿನ ಕೆಸರಿನ ವಾಸನೆ ಬರುತ್ತಿತ್ತು. ಹರಿಯುವ ಹೊಳೆಗೆ ಆ ವಾಸನೆ ಇರುವುದಿಲ್ಲ, ಕಟ್ಟಿ ನಿಲ್ಲಿಸಿದ ನೀರಿಗೆ ಇರುತ್ತದೆ. ಅದು ನನಗೆ ಹುಟ್ಟಿನಿಂದ ಗೊತ್ತು.

ನಮ್ಮದು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಆಚೆ ದಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅಜ್ಜನ ಗದ್ದೆ, ತೋಟ, ಮನೆ ಮೂರೂ ನೀರಿಗೆ ಹೋದವು. ಅಜ್ಜ ಗುಡ್ಡದ ಮೇಲೆ ಹೊಸ ಮನೆ ಕಟ್ಟಿದ. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿದಾಗಲೆಲ್ಲ ನಡುನೀರಿನಲ್ಲಿ ಕೈ ತೋರಿಸಿ, “ಇಲ್ಲೇ ಕೆಳಗೆ ನಮ್ಮ ಅಡಕೆ ತೋಟ” ಅನ್ನುತ್ತಿದ್ದ. ಪ್ರವಾಸಕ್ಕೆ ಬಂದವರು ಅದೇ ನೀರಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರನ್ನು ಕಂಡರೆ ನನಗೆ ಚಿಕ್ಕವನಿದ್ದಾಗ ಸಿಟ್ಟು ಬರುತ್ತಿತ್ತು. ಈಗ ಇನ್ನೊಬ್ಬರ ಹಿನ್ನೀರಿನ ದಡದಲ್ಲಿ ಅದೇ ಕೆಲಸಕ್ಕೆ ನಾನು ಬಂದು ಕೂತಿದ್ದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಊಟಕ್ಕೆ ಕೂತ ಅಜ್ಜನ ಬಾಯಿ ವಾಲಿತು, ಎಡಗೈ ಬಿದ್ದುಹೋಯಿತು. ಕೊನೆಯ ಲಾಂಚ್ ಸಂಜೆಯೇ ಹೋಗಿಯಾಗಿತ್ತು. ಅಪ್ಪ ಅಂಗಳದಲ್ಲಿ ನಿಂತು ನೀರು ನೋಡುತ್ತಲೇ ರಾತ್ರಿ ಕಳೆದ. ಬೆಳಗಿನ ಮೊದಲ ಲಾಂಚಿಗೆ ಸಾಗರಕ್ಕೆ ಒಯ್ದರು. ಅಜ್ಜ ಬದುಕಿದ. ಆದರೆ ಆ ಕೈ ಮತ್ತೆ ಏಳಲಿಲ್ಲ.

ಬೆಳಗ್ಗೆ ಏಳಕ್ಕೆ ಮೊದಲೇ ಕುಂಬಿಚ್ಚಲ್ ಕಡವಿಗೆ ನಡೆದೆ. ಕಡವು ಎಂದರೆ ದೋಣಿ ದಾಟಿಸುವ ಜಾಗ, ನಮ್ಮ ಕರಾವಳಿಯಲ್ಲೂ ಇದೇ ಮಾತಿದೆ. ಅಣೆಕಟ್ಟಿನ ನೀರು ನಿಂತ ಮೇಲೆ ಆಚೆ ದಡದ ಹತ್ತಕ್ಕೂ ಹೆಚ್ಚು ಕಾಣಿ ಹಾಡಿಗಳಿಗೆ ಪೇಟೆಗೆ ಬರಲು ಈ ದೋಣಿಯೇ ದಾರಿಯಾಗಿತ್ತು. ಕಾಣಿಗಳು ಅಗಸ್ತ್ಯ ಬೆಟ್ಟದ ಮೂಲದವರು. 1987ರಲ್ಲಿ ಈ ಬೆಟ್ಟ ಹತ್ತಿದ ವಿಜ್ಞಾನಿಗಳಿಗೆ ದಾರಿ ತೋರಿಸಿದವರು ಇವರೇ. ತಾವು ಸುಸ್ತಾಗಿ ಕೂತರೂ ಕಾಣಿಗಳು ಯಾವುದೋ ಕಾಯಿ ಅಗಿಯುತ್ತ ನಡೆಯುತ್ತಲೇ ಇರುವುದನ್ನು ವಿಜ್ಞಾನಿಗಳು ಗಮನಿಸಿದರು. ಆ ಗಿಡ ಆರೋಗ್ಯಪಚ್ಚ. ಅದರಿಂದ ‘ಜೀವನಿ’ ಎಂಬ ಔಷಧ ತಯಾರಾಯಿತು. ಬಂದ ಲೈಸೆನ್ಸ್ ಹಣ ಮತ್ತು ರಾಯಧನದಲ್ಲಿ ಅರ್ಧ ಕಾಣಿಗಳಿಗೆ ಎಂದು ಒಪ್ಪಂದವಾಯಿತು. ಬುಡಕಟ್ಟಿನವರ ತಿಳಿವಳಿಕೆಗೆ ಪಾಲು ಕೊಟ್ಟ ಮೊದಲ ಉದಾಹರಣೆಗಳಲ್ಲಿ ಒಂದೆಂದು ಜಗತ್ತಿನಾದ್ಯಂತ ಇದನ್ನು ಹೇಳುತ್ತಾರೆ. ಅಷ್ಟು ಹೆಸರಾದ ಜನ ಅಕ್ಕಿ ತರಲು ದೋಣಿ ಕಾಯುತ್ತ ನಿಂತಿದ್ದರು.

ದೋಣಿ ಆಚೆಯಿಂದ ಬಂತು. ಯೂನಿಫಾರ್ಮಿನ ಮಕ್ಕಳು ಇಳಿದರು, ಒಬ್ಬ ಹೆಂಗಸು ಬಾಳೆಗೊನೆ ಇಳಿಸಿದಳು. ತಿರುಗಿ ಹೋಗುವಾಗ ಒಂದು ಗ್ಯಾಸ್ ಸಿಲಿಂಡರ್, ಎರಡು ಚೀಲ ಅಕ್ಕಿ, ನಾಲ್ಕು ಜನ, ಜೊತೆಗೆ ನಾನು. ಆಚೆ ದಡ ಕಾಯ್ದಿಟ್ಟ ಅರಣ್ಯ, ಹೊರಗಿನವರು ಅನುಮತಿಯಿಲ್ಲದೆ ಹೋಗುವಂತಿಲ್ಲ. ದೋಣಿಯಲ್ಲೇ ಕೂತು ವಾಪಸ್ ಬರುತ್ತೇನೆ ಎಂದು ಕೇಳಿಕೊಂಡಿದ್ದೆ. ಪಕ್ಕದಲ್ಲಿ ಕೂತ ವಯಸ್ಸಾದವರೊಬ್ಬರು ನನ್ನ ಹರುಕು ಮಲಯಾಳಂ ಕೇಳಿ, ಯಾವ ಊರು ಅಂದರು. ನಮ್ಮಲ್ಲೂ ಹೀಗೇ ನೀರಿದೆ, ದಾಟಲು ದೊಡ್ಡ ಲಾಂಚ್ ಇದೆ, ಬಸ್ಸನ್ನೇ ಹೊತ್ತು ದಾಟಿಸುತ್ತದೆ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ.

ಅವರು ಲಾಂಚ್ ಎಷ್ಟು ದೊಡ್ಡದು ಎಂದು ಕೇಳಲಿಲ್ಲ. “ರಾತ್ರಿ ಇದೆಯಾ?” ಎಂದು ಕೇಳಿದರು.

ಇಲ್ಲ ಅಂದೆ. ಅವರು ತಲೆಯಾಡಿಸಿದರು. ಮತ್ತೆ ನಾವು ಮಾತಾಡಲಿಲ್ಲ.

ಕಡವಿನ ಹತ್ತಿರವೇ ಸೇತುವೆ ಕೆಲಸ ನಡೆದಿತ್ತು. ನೀರಿನೊಳಗಿಂದ ಎದ್ದ ಕಾಂಕ್ರೀಟ್ ಕಂಬಗಳ ಪಕ್ಕದಲ್ಲೇ ದೋಣಿ ಹಾದುಹೋಯಿತು. ಬರುವಾಗ ಅವನ್ನು ನೋಡಿ, ದೃಶ್ಯ ಕೆಡಿಸಿದವಲ್ಲ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ವಾಪಸ್ ಬರುವಾಗ ಹಾಗೆ ಅನ್ನಿಸಲಿಲ್ಲ.

ಬೆಂಗಳೂರು, ಮುಂಬಯಿ, ಚೆನ್ನೈಯಲ್ಲಿರುವ ನಮಗೆಲ್ಲ ಇಂಥ ಗುಡಿಸಲುಗಳ ಆಸೆ ಇದೆ, ಇರುವುದು ತಪ್ಪೂ ಅಲ್ಲ. ಒಂದು ರಾತ್ರಿಯ ಕತ್ತಲೆ ಮೈಗೆ ಒಳ್ಳೆಯದೇ. ಆದರೆ ಹೋದವರು ಬೆಳಗ್ಗೆ ಎದ್ದು ಒಮ್ಮೆ ಕಡವಿಗೂ ಹೋಗಿ ಬನ್ನಿ. ಅಲ್ಲಿ ಯಾರು ದಾಟುತ್ತಾರೆ, ಏನು ಹೊತ್ತು ದಾಟುತ್ತಾರೆ, ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿ. ನಾವು ದುಡ್ಡು ಕೊಟ್ಟು ಪಡೆಯುವ ದೂರ ಅವರಿಗೆ ಬೇಡವೆಂದರೂ ಬಂದದ್ದು.

2025ರ ಜುಲೈ 14ರಂದು ನಮ್ಮೂರ ಕಡೆಯ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಉದ್ದ ಸುಮಾರು 2.4 ಕಿಲೋಮೀಟರ್. ಮುಂದೊಂದು ದಿನ ಅಮ್ಮ ರಾತ್ರಿ ಒಂಬತ್ತು ಗಂಟೆಗೆ ವೀಡಿಯೋ ಕಾಲ್ ಮಾಡಿದಳು. ಏನೋ ಆಯಿತೆಂದು ಗಾಬರಿಯಾಗಿ ಎತ್ತಿದೆ. ಏನೂ ಆಗಿರಲಿಲ್ಲ. ತಮ್ಮನ ಬೈಕಿನ ಹಿಂದೆ ಕೂತು ಸೇತುವೆಯ ನಡುವೆ ನಿಂತಿದ್ದಳು. “ಕೆಲಸ ಇರ್ಲಿಲ್ಲ ಮಾರಾಯ, ರಾತ್ರಿ ದಾಟಿ ನೋಡಣ ಅಂತ ಬಂದ್ವಿ” ಅಂದಳು. ಹಿಂದೆ ದೀಪದ ಸಾಲು, ಕೆಳಗೆ ಕಪ್ಪು ನೀರು. ಅಜ್ಜನ ತೋಟ ಎಲ್ಲಿ ಬರುತ್ತದೆ ಎಂದು ಕೇಳಿದೆ. ಅಮ್ಮ ಫೋನನ್ನು ಕೆಳಕ್ಕೆ ತಿರುಗಿಸಿದಳು. ಪರದೆಯಲ್ಲಿ ಏನೂ ಕಾಣಲಿಲ್ಲ.