ವೋಚರ್ ಕೊಟ್ರ ಶಾಲಿ ಬಾಗ್ಲಾ ತೆರಿತೈತೇನು?



"ಸರ್ಕಾರ ಶಾಲೆಗೆ ರೊಕ್ಕ ಸುರಿಯೋದು ಬಿಟ್ಟು ಪಾಲಕರ ಕೈಗೆ ವೋಚರ್ ಕೊಡಲಿ" ಅನ್ನೋ ಮಾತು ಈಗ ನಮ್ಮ ಓದಿದ ಹುಡುಗರ ಬಾಯಲ್ಲೂ ಬರಾಕತ್ತೈತಿ. ಸ್ವಲ್ಪ ತಡೀರಿ. ಅಂಥದ್ದೊಂದನ್ನ ಕರ್ನಾಟಕ ಆಗ್ಲೇ ನೋಡೈತಿ.

ಆರ್‌ಟಿಇ ಕಾಯ್ದೆಯ 12(1)(ಸಿ) ಪ್ರಕಾರ ಖಾಸಗಿ ಶಾಲೆಯ ಶೇ. 25 ಸೀಟು ಬಡವರ, ವಂಚಿತರ ಮಕ್ಕಳಿಗೆ, ಶುಲ್ಕ ಸರ್ಕಾರದ್ದು. ಹೆಸರು ವೋಚರ್ ಅಲ್ಲ, ಕೆಲಸ ಹೆಚ್ಚುಕಮ್ಮಿ ಅದೇ. 2012ರ ತಿದ್ದುಪಡಿಯಲ್ಲಿ ಎಸ್ಸಿ, ಎಸ್ಟಿ ಮಕ್ಕಳಿದ್ದ ವಂಚಿತ ಗುಂಪಿಗೆ ಅಂಗವಿಕಲ ಮಕ್ಕಳನ್ನೂ ಸೇರಿಸಿದ್ರು. (ವಿಕಲಚೇತನ ಅನ್ನೋ ಸರ್ಕಾರಿ ಪದ ನನಗ ಸೇರಂಗಿಲ್ಲ. ಚೇತನಕ್ಕೇನಾಗೈತಿ?)

ಬೈಲಹೊಂಗಲದಾಗ ನಮ್ಮ ಓಣಿಯ ಒಬ್ಬ ತಾಯಿ, ಕೂಲಿ ಮಾಡ್ತಾಳ. ಮಗಳಿಗೆ ಕಿವಿ ಕೇಳಂಗಿಲ್ಲ. ಆ ಸೀಟು ಕೇಳಾಕ ಒಂದು ಖಾಸಗಿ ಶಾಲೆಗೆ ಹೋದಾಗ ನಾನೂ ಜೊತೆಗಿದ್ದೆ. "ಸೀಟ್ ಐತ್ರಿ, ಆದ್ರ ಇಂಥ ಹುಡುಗಿಗೆ ಕಲಿಸೋರು ನಮ್ಮಲ್ಲಿಲ್ಲ. ನಾಳೆ ನೀವ ಬೈತೀರಿ" ಅಂದ್ರು. ಚಹಾ ಕೊಟ್ಟು ಕಳಿಸಿದ್ರು. ಹೊರಗ ಬಂದು ಆಕಿ ಕೇಳಿದ್ಲು: "ಅಣ್ಣಾ, ಜಾತಿ ಸರ್ಟಿಫಿಕೇಟ್ ಮೊದ್ಲ ತೋರಿಸ್ಬಾರದಿತ್ತೇನು?" ಕಿವಿಗೆ ಬೇಡ ಅಂದ್ರೋ ಕೇರಿಗೆ ಬೇಡ ಅಂದ್ರೋ, ಆಕಿಗೆ ತಿಳೀಲಿಲ್ಲ. ನನಗೂ ತಿಳೀಲಿಲ್ಲ.

ಲೆಕ್ಕ ನೋಡ್ರಿ. 12(2)ರ ಪ್ರಕಾರ ಸರ್ಕಾರ ತನ್ನ ಶಾಲೆಯ ಒಂದು ಮಗುವಿಗೆ ಮಾಡೋ ಖರ್ಚು, ಇಲ್ಲಾ ಆ ಶಾಲೆಯ ಶುಲ್ಕ, ಯಾವುದು ಕಮ್ಮಿಯೋ ಅಷ್ಟೇ ಕೊಡ್ತದ. ಓಡಾಡೋ ಮಗುವಿಗೂ ವೀಲ್‌ಚೇರ್ ಮಗುವಿಗೂ ಅದೇ ಸೂತ್ರ. ಸನ್ನೆ ಭಾಷೆ ಬಲ್ಲ ಟೀಚರ್ ಸಂಬಳ ಅದರಾಗ ಎಲ್ಲಿಂದ ಬರಬೇಕು? ಅಮೆರಿಕದ ಫ್ಲೋರಿಡಾದಲ್ಲಿ 1999ರಿಂದ ಅಂಗವಿಕಲ ಮಕ್ಕಳಿಗಂತಲೇ ವೋಚರ್ ಇತ್ತು. ಅದನ್ನ ತಗೊಂಡು ಖಾಸಗಿ ಶಾಲೆಗೆ ಹೋದವರು, ಸರ್ಕಾರಿ ಶಾಲೆಯಲ್ಲಿ ಕಾಯ್ದೆ ಕೊಟ್ಟಿದ್ದ ವಿಶೇಷ ಶಿಕ್ಷಣದ ಹಕ್ಕನ್ನ ಅಲ್ಲೇ ಬಿಟ್ಟು ಹೋಗಬೇಕಿತ್ತು.

ನಮ್ಮಲ್ಲಿ 2019ರಲ್ಲಿ ಇನ್ನೊಂದಾತು. ಹತ್ರ ಸರ್ಕಾರಿ ಇಲ್ಲಾ ಅನುದಾನಿತ ಶಾಲೆ ಇದ್ರ ಖಾಸಗಿಯವರು ಈ ಸೀಟು ಕೊಡಬೇಕಿಲ್ಲ ಅಂತ ರಾಜ್ಯ ಸರ್ಕಾರ ನಿಯಮ ಬದಲಿಸ್ತು. ಹೈಕೋರ್ಟೂ ಎತ್ತಿಹಿಡೀತು. ಅಲ್ಲಿಗೆ ಕಿತ್ತೂರು, ರಾಮದುರ್ಗದ ಹಳ್ಳಿ ಮಗುವಿಗೆ ಉಳಿದದ್ದು ಊರ ಸರ್ಕಾರಿ ಶಾಲೆ. ನನಗ ಅದರ ಬಗ್ಗೆ ಬ್ಯಾಸರಿಲ್ಲ. ಆ ಶಾಲೆಗೆ ಟೀಚರ್ ಎಲ್ಲಿ ಅನ್ನೋದಷ್ಟೇ ನನ್ನ ಜಗಳ. ವಿಶೇಷ ಮಕ್ಕಳಿಗೆ ಪ್ರಾಥಮಿಕದಲ್ಲಿ 10ಕ್ಕೊಬ್ಬ, ಮುಂದಿನ ತರಗತಿಗಳಲ್ಲಿ 15ಕ್ಕೊಬ್ಬ ವಿಶೇಷ ಶಿಕ್ಷಕರು ಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳೈತಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಗೆಳೆಯರು ನಿಮ್ಮ ಬಿಇಒ ಆಫೀಸಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ: ತಾಲೂಕಿನಾಗ ಅಂಗವಿಕಲ ಮಕ್ಕಳು ಎಷ್ಟು, ಬಿಐಇಆರ್‌ಟಿ ಹುದ್ದೆ ಎಷ್ಟು, ಖಾಲಿ ಎಷ್ಟು. ಟೈಪ್ ಮಾಡಿದ ಅರ್ಜಿ ನನ್ನ ಹತ್ರ ಐತಿ, ಬೇಕಾದವರು ಇನ್‌ಬಾಕ್ಸ್‌ಗೆ ಬರ್ರಿ.