ದಂಡು ಪ್ರದೇಶದ ಕಾಲ್ಚೆಂಡು

ಬೂದಿಗೆರೆಯಿಂದ ಹೊರಟು, ಬೂದಿಗೆರೆ ಕ್ರಾಸಿನಲ್ಲಿ ಹಳೇ ಮದರಾಸು ರಸ್ತೆ ಹಿಡಿದು ಬೆಂಗಳೂರಿನತ್ತ ನಡೆದರೆ ಹಲಸೂರು ಸಿಗುತ್ತದೆ. ಅದರ ಹತ್ತಿರವೇ ಗೌತಮಪುರ. ಈ ಪುಟ್ಟ ಬಡಾವಣೆಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಬ್ರೆಜಿಲಿನ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆಯೂ ಇದೆ!

ಎಲ್ಲಿಯ ಬ್ರೆಜಿಲ್, ಎಲ್ಲಿಯ ಗೌತಮಪುರ? ದಂಡು ಪ್ರದೇಶದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕರ ಆಟವನ್ನು ಸುತ್ತಲಿನ ದುಡಿಯುವ ಜನ ನೋಡಿ ಕಲಿತರು. ಬೂಟಿಲ್ಲದವರು ಬರಿಗಾಲಲ್ಲೇ ಆಡಿದರು. ಒಬ್ಬರಿಂದಾಗದ್ದು ಹತ್ತು ಜನ ಸೇರಿದರೆ ಆಗುತ್ತದಲ್ಲವೇ? ಹಾಗೆ ಕ್ಲಬ್ಬುಗಳು ಹುಟ್ಟಿಕೊಂಡವು.

ಅವುಗಳಲ್ಲಿ ಹೆಸರಾದದ್ದು ಬೆಂಗಳೂರು ಮುಸ್ಲಿಮ್ಸ್. 1891ರಲ್ಲಿ ಆರಂಭವಾದ ಮುಂಬಯಿಯ ರೋವರ್ಸ್ ಕಪ್ ದಶಕಗಳ ಕಾಲ ಬ್ರಿಟಿಷ್ ಸೇನಾ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಇದೇ. 1938ರಲ್ಲೂ ಕಪ್ ಬೆಂಗಳೂರಿಗೇ ಬಂತು. ಈ ಕ್ಲಬ್ಬಿನಲ್ಲಿ ಪಳಗಿದ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದರು. ಅಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರೂ ಬೆಂಗಳೂರಿನವರೇ, ಸಾರಂಗಪಾಣಿ ರಾಮನ್. ತಂಡದ ಹೆಚ್ಚಿನವರು ಅಂದು ಬರಿಗಾಲಲ್ಲೇ ಕಣಕ್ಕಿಳಿದಿದ್ದರು.

ಮೈಸೂರು ತಂಡ 1968-69ರಲ್ಲಿ ಗೆದ್ದಿದ್ದ ಸಂತೋಷ್ ಟ್ರೋಫಿ ಮತ್ತೆ ರಾಜ್ಯಕ್ಕೆ ಬಂದದ್ದು 54 ವರ್ಷಗಳ ಬಳಿಕ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು.

ಬೂಟಿಲ್ಲದೆ ಆಡಿದವರುಂಟು, ಬಯಲಿಲ್ಲದೆ ಆಡಿದವರಿಲ್ಲ. ಹೊಲಗಳು ಸೈಟುಗಳಾಗುತ್ತಿರುವ ಬೂದಿಗೆರೆಯ ಆಸುಪಾಸಿನಲ್ಲಿ ಮಕ್ಕಳ ಪಾಲಿಗೆ ಒಂದು ಬಯಲನ್ನು ಉಳಿಸಿಕೊಳ್ಳುವುದು ಹೆತ್ತವರು ಈಗಲೇ ಮಾಡಬೇಕಾದ ಕೆಲಸ.