ಕಾರವಾರದ ಬಂಡೆಗಳ ಮೇಲಣ ಗಿಡವಲ್ಲದ ಗಿಡ

ಶಿರಸಿಯಿಂದ ದೇವಿಮನೆ ಘಟ್ಟವನ್ನಿಳಿದು, ಕುಮಟಾ ಅಂಕೋಲೆಗಳನ್ನು ಹಾಯ್ದು ಕಾರವಾರವನ್ನು ಮುಟ್ಟುವ ಪ್ರವಾಸಿಗಳು ಸಾಮಾನ್ಯವಾಗಿ ಕಡಲನ್ನು ದೂರದಿಂದಲೇ ನೋಡಿ ಸಂತೋಷಪಡುವರು. ಎದುರಿಗೆ ದ್ವೀಪಗಳು, ಬಲಕ್ಕೆ ಕಾಳೀನದಿಯ ಮುಖ, ಅದರಾಚೆ ಸದಾಶಿವಗಡದ ಗುಡ್ಡ: ನೋಟವೇನೋ ಮನೋಹರವಾದುದೇ. ಆದರೆ ಈ ಸಲ ನಾನು ಅಲ್ಲಿಗೆ ಹೋದುದು ಮೊಣಕಾಲೂರಿ, ಒಂದು ಗೇಣಿನಷ್ಟು ಹತ್ತಿರದಿಂದ ನೋಡಬೇಕೆಂದು. ಅದಕ್ಕೊಂದು ಹಳೆಯ ಋಣವು ಕಾರಣವಾಗಿತ್ತು.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಅಲ್ಲಿಯ ಕರಾವಳಿಯ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆನು. ಸಂಸ್ಕೃತವೂ ಕನ್ನಡವೂ ನನ್ನ ವಿಷಯಗಳು. ವಿಜ್ಞಾನದ ಉಪಾಧ್ಯಾಯರು ರಜೆಯಲ್ಲಿದ್ದಾಗ ಅವರ ತರಗತಿಯೂ ನನ್ನ ಪಾಲಿಗೆ ಬರುತ್ತಿತ್ತು. ಒಮ್ಮೆ ಮಕ್ಕಳು ಸಸ್ಯಗಳನ್ನು ಒಣಗಿಸಿ ಕಾಗದಕ್ಕೆ ಅಂಟಿಸಿ ತಂದರು. ಅವುಗಳಲ್ಲಿ ಕಂದುಬಣ್ಣದ, ಹಕ್ಕಿಯ ಗರಿಯಂತೆ ಬಲು ಅಂದವಾದ ಒಂದು ಕವಲಿತ್ತು. ನಾನು ಅದರ ಕೆಳಗೆ ‘ಕಡಲ ಪಾಚಿ’ ಎಂದು ಬರೆದೆನು. ಆಗ ಮೀನುಗಾರರ ಮನೆಯ ಹುಡುಗನೊಬ್ಬನು ಎದ್ದುನಿಂತು, “ಮಾಸ್ತರೇ, ಅದು ಗಿಡ ಅಲ್ಲ. ಬಲೆಗೆ ಸಿಕ್ಕಿದಾಗ ಮುಟ್ಟಿದರೆ ಕೈ ಉರಿಯುತ್ತದೆ. ಒಲೆಗೆ ಹಾಕಿದರೆ ಕೂದಲು ಸುಟ್ಟ ವಾಸನೆ ಬರುತ್ತದೆ” ಎಂದನು. ನಾನು ನಕ್ಕೆನು, ತರಗತಿಯೆಲ್ಲ ನಕ್ಕಿತು. ಹುಡುಗನು ಕುಳಿತುಕೊಂಡನು. ಆ ವರ್ಷ ಅವನು ಮತ್ತೆ ಎದ್ದುನಿಂತು ಏನನ್ನೂ ಕೇಳಲಿಲ್ಲ.

ಅವನು ಹೇಳಿದ ಎರಡೂ ಮಾತುಗಳು ಸರಿಯಾದ ಪರೀಕ್ಷೆಗಳೇ ಆಗಿದ್ದುವೆಂದು ನನಗೆ ತಿಳಿದುದು ನಿವೃತ್ತನಾಗಿ ಪುಸ್ತಕಗಳನ್ನು ಬಿಡುವಾಗಿ ಓದತೊಡಗಿದ ಮೇಲೆ. ಅದು ಹೈಡ್ರಾಯ್ಡ್ ಎಂಬ ಪ್ರಾಣಿ. ಸರಿಯಾಗಿ ಹೇಳುವುದಾದರೆ ಪ್ರಾಣಿಗಳ ಒಂದು ಅವಿಭಕ್ತ ಕುಟುಂಬ. ಶಾಲೆಯ ಪುಸ್ತಕಗಳಲ್ಲಿ ಕಾಣುವ ಕೆರೆನೀರಿನ ಹೈಡ್ರಾ, ಲೋಳೆಮೀನು, ಹವಳ, ಇವೆಲ್ಲ ಇದರ ನಂಟರು. ಕುಟುಕುವ ಕಣಗಳು ಈ ವಂಶಕ್ಕೆಲ್ಲ ಸಮಾನವಾದ ಆಯುಧ.

ಈ ಭ್ರಾಂತಿಯು ನನ್ನೊಬ್ಬನದೇ ಅಲ್ಲವೆಂಬುದು ಒಂದು ಸಣ್ಣ ಸಮಾಧಾನ. ನಮ್ಮವರು ಜೀವಿಗಳನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜವೆಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಬಂಡೆಯಿಂದ ಮೊಳೆತು ಕವಲೊಡೆದಂತೆ ಕಾಣುವುದನ್ನು ಕಂಡವರು ಉದ್ಭಿಜ್ಜವೆನ್ನದೆ ಇನ್ನೇನೆಂದಾರು? ಹವಳಕ್ಕೆ ಅಮರಕೋಶವು ಕೊಡುವ ಹೆಸರುಗಳನ್ನೇ ನೋಡಿರಿ: ‘ವಿದ್ರುಮ’ದಲ್ಲಿ ಮರವಿದೆ, ‘ಪ್ರವಾಲ’ವೆಂದರೆ ಚಿಗುರೂ ಹೌದು. ಯುರೋಪಿನ ಪಂಡಿತರೂ ಬಹುಕಾಲ ಹೀಗೆಯೇ ತಿಳಿದಿದ್ದರು. 1740ರಲ್ಲಿ ಟ್ರೆಂಬ್ಲೆ ಎಂಬಾತನು ಹಾಲೆಂಡಿನಲ್ಲಿ ಕೊಳದ ನೀರಿನ ಹೈಡ್ರಾವನ್ನು ಕಂಡು, ಗಿಡವೋ ಪ್ರಾಣಿಯೋ ತಿಳಿಯದೆ, ಅದನ್ನು ತುಂಡರಿಸಿ ನೋಡಿದನು. ಪ್ರತಿ ತುಂಡೂ ಮತ್ತೆ ಪೂರ್ಣ ಹೈಡ್ರಾ ಆಯಿತು! ಆದರೂ ಅದು ನಡೆದಾಡಿ, ಬೇಟೆಯಾಡಿ ತಿನ್ನುವುದನ್ನು ನೋಡಿ ಪ್ರಾಣಿಯೆಂದೇ ನಿಶ್ಚಯಿಸಿದನು. ಕಡಲಿನ ಇಂಥ ಕವಲುಗಳೂ ಪ್ರಾಣಿಗಳೆಂದು ಇಂಗ್ಲೆಂಡಿನ ಜಾನ್ ಎಲ್ಲಿಸನು 1755ರಲ್ಲಿ ಗ್ರಂಥವನ್ನೇ ಬರೆದನು. ಇಷ್ಟೆಲ್ಲ ಆಗಿ ಇನ್ನೂರು ವರ್ಷಗಳು ಕಳೆದ ಮೇಲೆ ನಾನು ತರಗತಿಯಲ್ಲಿ ನಕ್ಕೆನೆಂಬುದನ್ನೂ ಮರೆಯಲಾಗದು.

ಪುಷ್ಯಮಾಸದ ಅಮಾವಾಸ್ಯೆಯ ಮರುದಿನ ಸೂರ್ಯೋದಯಕ್ಕೆ ಮುಂಚೆಯೇ ಬೈತಖೋಲದ ಕಡೆಯ ಗುಡ್ಡದ ಬುಡಕ್ಕೆ ಹೋದೆನು. ಅಮಾವಾಸ್ಯೆ ಹುಣ್ಣಿಮೆಗಳ ಸಮೀಪದಲ್ಲಿ ಇಳಿತವು ಹೆಚ್ಚು. ಮಿಕ್ಕ ದಿನಗಳಲ್ಲಿ ಮುಳುಗಿರುವ ಬಂಡೆಗಳು ಆಗ ತಲೆಯೆತ್ತುವುವು. ಕೋಡಿಬಾಗದಲ್ಲಿರುವ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗದಲ್ಲಿ ಓದಿದ ಪರಿಚಿತರ ಮಗಳೊಬ್ಬಳು ಜೊತೆಗೆ ಬಂದಿದ್ದಳು. ಒಂದು ಭೂತಗನ್ನಡಿ, ಒಂದು ಬಿಳಿಯ ಪಿಂಗಾಣಿ ಬಟ್ಟಲು, ಇಷ್ಟೇ ನಮ್ಮ ಸಾಮಗ್ರಿ. “ಅಜ್ಜ, ಕೈಗೆ ಚೀಲ ಕಟ್ಟಿಕೊಳ್ಳಿ, ಕಾಲಿಗೆ ಚಪ್ಪಲಿ ಇರಲಿ” ಎಂದು ಆಕೆ ಮೊದಲೇ ಎಚ್ಚರಿಸಿದಳು.

ಹುಡುಕಬೇಕಾದುದು ಬಿಸಿಲು ಬೀಳುವ ಕಡೆಯಲ್ಲ. ಪಾಚಿಗೆ ಬೆಳಕು ಬೇಕು, ಇವಕ್ಕೆ ಬೇಡ. ಬಂಡೆಯ ನೆರಳಿನ ಮಗ್ಗುಲು, ಬಿರುಕು, ಚಿಪ್ಪುಗಳ ಬೆನ್ನು, ನೀರಿನಲ್ಲಿ ನೆನೆದ ಹಗ್ಗ, ಇವೇ ಇವುಗಳ ಬೀಡು. ನೀರಿನ ಹೊರಗೆ ನೋಡಿದರೆ ಕಂದು ಕೂದಲಿನ ಒದ್ದೆ ಮುದ್ದೆಯೇ ಹೊರತು ಬೇರೇನೂ ಅಲ್ಲ. ಸಣ್ಣ ಕವಲೊಂದನ್ನು ಕಡಲನೀರು ತುಂಬಿದ ಬಟ್ಟಲಿನಲ್ಲಿಟ್ಟು, ಅಲುಗಿಸದೆ ಸ್ವಲ್ಪ ಹೊತ್ತು ಕಾಯಬೇಕು. ನಾವು ಕಾದೆವು. ಮೊದಲು ಏನೂ ಇಲ್ಲ. ಆಮೇಲೆ ಭೂತಗನ್ನಡಿಯೊಳಗೆ ಕಾಂಡದ ಇಕ್ಕೆಲಗಳಿಂದಲೂ ಗಾಜಿನ ಬಟ್ಟಲುಗಳಂಥ ಪುಟ್ಟ ಗೂಡುಗಳು ಕಂಡುವು. ಒಂದೊಂದು ಗೂಡಿನಿಂದಲೂ ಸಾಸಿವೆಗಿಂತ ಚಿಕ್ಕದಾದ ಹೂವೊಂದು ನಿಧಾನವಾಗಿ ಹೊರಬಂದು ಎಸಳುಗಳನ್ನು ಬಿಚ್ಚಿತು. ಆ ಎಸಳುಗಳೇ ಬೇಟೆಯ ಕೈಗಳು. ನಡುವೆ ಇರುವುದು ಬಾಯಿ. ಒಂದು ಬಾಯಿ ತಿಂದ ಆಹಾರವು ಕಾಂಡದೊಳಗಿನ ನಾಳದ ಮೂಲಕ ಕುಟುಂಬಕ್ಕೆಲ್ಲ ಹಂಚಿಹೋಗುವುದಂತೆ. ನಮ್ಮ ಮನೆಗಳಲ್ಲಿ ಇಷ್ಟು ಒಗ್ಗಟ್ಟು ಉಂಟೇ ಎಂದು ನನ್ನ ಹೆಂಡತಿ ಆಮೇಲೆ ಕೇಳಿದಳು. ಅದು ಬೇರೆ ವಿಷಯ.

ಗೂಡುಗಳ ಜೋಡಣೆಯಿಂದಲೇ ಜಾತಿಗಳ ಗುರುತು ಆರಂಭವಾಗುವುದು. ಕಾಂಡವು ಅಂಕುಡೊಂಕಾಗಿದ್ದು, ಪ್ರತಿ ತಿರುವಿನಲ್ಲಿಯೂ ತೊಟ್ಟುಳ್ಳ ಬಟ್ಟಲಿದ್ದರೆ ಅದು ಒಬೀಲಿಯದ ಬಗೆ. ತೊಟ್ಟಿಲ್ಲದೆ ಕಾಂಡಕ್ಕೇ ಅಂಟಿಕೊಂಡು ಎದುರುಬದುರಾಗಿ ಜೋಡಿಜೋಡಿಯಾಗಿ ಕುಳಿತಿದ್ದರೆ ಸರ್ಟುಲೇರಿಯದ ಬಗೆ. ಗರಿಯಂತಿದ್ದು, ಎಳೆಗಳ ಒಂದೇ ಮಗ್ಗುಲಿನಲ್ಲಿ ಗೂಡುಗಳ ಸಾಲಿದ್ದರೆ ಅದೇ ನನ್ನ ಹಳೆಯ ‘ಪಾಚಿ’ಯ ಬಳಗ; ಇವುಗಳಲ್ಲಿ ಕೆಲವು ಚೆನ್ನಾಗಿಯೇ ಉರಿಸುವುವು. ಒಬೀಲಿಯದ ಸಂಸಾರವು ಇನ್ನೂ ವಿಚಿತ್ರ. ಅದರ ಬೇರೆ ಬಗೆಯ ಗೂಡುಗಳಿಂದ ಕಣ್ಣಿಗೆ ಕಂಡೂ ಕಾಣದಂಥ ಲೋಳೆಮೀನಿನ ಮರಿಗಳು ಬಿಡುಗಡೆಯಾಗಿ ಈಜಿಹೋಗುವುವು. ಅವುಗಳ ಸಂತಾನವು ಮತ್ತೆ ಬಂಡೆಗಂಟಿ ‘ಗಿಡ’ವಾಗುವುದು.

ಇಲ್ಲಿಯೂ ಮೋಸಹೋಗುವ ಎಡೆಯೊಂದಿದೆ. ಬ್ರಯೊಜೋವಾ ಎಂಬ ಮತ್ತೊಂದು ಪ್ರಾಣಿಕುಲವೂ ಪೊದೆಯ ವೇಷವನ್ನೇ ಹಾಕಿರುವುದು. ಅದರ ಗೂಡುಗಳು ಬಟ್ಟಲಿನಂತಿರದೆ, ಒತ್ತೊತ್ತಾಗಿ ಜೋಡಿಸಿದ ಪೆಟ್ಟಿಗೆಗಳಂತಿರುವುವು. ತುಸು ತಾಗಿದರೂ ಸಾಕು, ಅದರ ಎಸಳುಗಳು ಕಣ್ಣೆವೆಯಿಕ್ಕುವಷ್ಟರಲ್ಲಿ ಒಳಸರಿಯುವುವು. ಹೈಡ್ರಾಯ್ಡಿನದು ಸಾವಕಾಶದ ನಡೆ. ನಾನು ಎರಡು ಸಲ ತಪ್ಪು ಹೇಳಿದೆನು. ಹುಡುಗಿಯು ನಗಲಿಲ್ಲ, ಬಟ್ಟಲನ್ನು ಮತ್ತೆ ನನ್ನ ಕಡೆಗೆ ಸರಿಸಿದಳು.

ಮಕ್ಕಳೊಡನೆ ಕಡಲಿಗೆ ಹೋಗುವ ಗೃಹಸ್ಥರಿಗೆ ಒಂದು ಮಾತು. ಮಳೆಗಾಲದ ಗಾಳಿಗೆ ಪಶ್ಚಿಮ ಕರಾವಳಿಯ ಮರಳಿನ ಮೇಲೆ ಕೆಲವೊಮ್ಮೆ ನೀಲಿಯ ಗಾಳಿಗುಳ್ಳೆಗಳು ಬಂದು ಬೀಳುವುವು. ಅದು ಫೈಸೇಲಿಯ, ಹೈಡ್ರಾಯ್ಡಿನ ಹತ್ತಿರದ ನಂಟು. ನಾಣ್ಯದಂತೆ ಚಪ್ಪಟೆಯಾಗಿ ಸುತ್ತಲೂ ನೀಲಿಯ ಅಂಚುಳ್ಳ ಪೊರ್ಪಿಟವು ಅಷ್ಟು ಕ್ರೂರವಲ್ಲ. ಆದರೆ ಗುಳ್ಳೆಯಿಂದ ಉದ್ದನೆಯ ನೀಲಿ ದಾರಗಳು ಇಳಿಬಿದ್ದಿದ್ದರೆ, ಅದು ಸತ್ತು ಒಣಗುತ್ತಿದ್ದರೂ ಮುಟ್ಟಕೂಡದು. ಕುಟುಕಿದರೆ ಉಜ್ಜಬಾರದು. ದಾರಗಳನ್ನು ಬರಿಗೈಯಿಂದಲ್ಲದೆ ತೆಗೆದು, ಚರ್ಮವು ತಾಳುವಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗವನ್ನು ಇಡಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಭರತವು ಏರತೊಡಗಲು ನಾವು ಬಂದರದ ಕಡೆಗೆ ನಡೆದೆವು. ಆ ಹುಡುಗನು ಈಗ ದೋಣಿಯ ಯಜಮಾನನೆಂದು ವಿಚಾರಿಸಿ ತಿಳಿದಿದ್ದೆನು. ತಲೆ ನರೆಯುತ್ತಿದ್ದರೂ ಗುರುತು ಹತ್ತಿತು. “ನೀವೇನು ಮಾಸ್ತರೇ, ಇಲ್ಲಿಯವರೆಗೆ!” ಎಂದು ಕುಳಿತುಕೊಳ್ಳಲು ಒಂದು ಪೆಟ್ಟಿಗೆಯನ್ನು ಮಗುಚಿ ಹಾಕಿದನು. ನಾನು ನಿಂತುಕೊಂಡೇ ಹೇಳಿದೆನು: “ಆ ದಿನ ತರಗತಿಯಲ್ಲಿ ನೀನು ಹೇಳಿದುದು ಸರಿ. ನಾನು ಬರೆದುದು ತಪ್ಪು.”

ಅವನು ಮರೆತಿರಬಹುದೆಂದು ನಾನು ಎಣಿಸಿದ್ದೆನು. ಮರೆತಿರಲಿಲ್ಲ. ಕೆಲ ಹೊತ್ತು ದೋಣಿಯ ಅಂಚನ್ನೇ ನೋಡುತ್ತಿದ್ದು, ಬಳಿಕ ನೀರಿನಲ್ಲಿದ್ದ ಹಗ್ಗವನ್ನು ಎಳೆದು, ಅದಕ್ಕಂಟಿದ ಕಂದು ಗರಿಯೊಂದನ್ನು ಚೂರಿಯ ತುದಿಯಿಂದ ಎಬ್ಬಿಸಿ ನನ್ನ ಬಟ್ಟಲಿಗೆ ಹಾಕಿದನು.

“ಇದಕ್ಕೆ ಈಗ ಏನೆಂದು ಬರೆಯುತ್ತೀರಿ ಮಾಸ್ತರೇ?”

“ಜಾತಿ ಗೊತ್ತಾಗಬೇಕಾದರೆ ಸೂಕ್ಷ್ಮದರ್ಶಕ ಬೇಕು. ಸದ್ಯಕ್ಕೆ ಪ್ರಾಣಿಯೆಂದು ಬರೆಯುವೆನು” ಎಂದೆನು.

“ಕೈ ತಾಗಿಸಬೇಡಿ” ಎಂದು ಹೇಳಿ ಅವನು ನನಗೆ ಚಹಾ ತರಿಸಲು ಹುಡುಗನೊಬ್ಬನನ್ನು ಕಳುಹಿಸಿದನು.